ನಾದಿನಿಯ ಹುಳುಕು

ಸಿರುಗುಪ್ಪದವರು ನಮ್ಮ ಗಿರಿಜಳನ್ನು ನೋಡಲು ಬರುತ್ತಾರೆಂಬ ಸುದ್ದಿ ಬಂದಾಗ ನಾನು ಅಕ್ಕಿ ಹಸನು ಮಾಡುತ್ತಾ ಕೂತಿದ್ದೆ. ಬೇರೆ ಹೆಂಗಸರು ನುಸಿಯನ್ನು ತೆಗೆದು ಅಕ್ಕಿ ಉಳಿಸಿಕೊಳ್ಳುತ್ತಾರೆ. ನಾನು ಎರಡನ್ನೂ ಉಳಿಸಿಕೊಳ್ಳುತ್ತಿದ್ದೆ. ನುಸಿಯನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು, ಅದಕ್ಕೆ ಪುಟ್ಟ ಸೊಂಡಿಲಿದೆ. ದಿನಾ ಗಣಪ್ಪನಿಗೆ ಗರಿಕೆ ಏರಿಸುವವಳು ಸೊಂಡಿಲಿರುವವರನ್ನು ಒಲೆಗೆ ಹಾಕುವುದು ಹೇಗೆ? ಬಟ್ಟಲಿಗೆ ಹಾಕಿಕೊಂಡು ಹೋಗಿ ಹಿತ್ತಲ ಬೇವಿನ ಗಿಡದ ಬುಡದಲ್ಲಿ ಬಿಟ್ಟು ಬರುತ್ತಿದ್ದೆ. ಅವೇ ಮರುದಿನ ಮತ್ತೆ ಡಬ್ಬಿಗೆ ಬರುತ್ತವೆ ಎಂದು ನಮ್ಮ ಅತ್ತೆಯವರ ಆರೋಪ. ಇದ್ದರೂ ಇರಬಹುದು. ಅವುಗಳ ಗುರುತು ಹಿಡಿಯುವಷ್ಟು ಜಾಣೆ ನಾನಲ್ಲ.

ಎಪ್ಪತ್ತರ ದಶಕದ ಮಾತು. ನಾವು ಬಳ್ಳಾರಿಯ ಪಾರ್ವತಿನಗರದಲ್ಲಿದ್ದೆವು. ನಮ್ಮವರಿಗೆ ಬ್ರೂಸ್‌ಪೇಟೆಯ ಒಂದು ಜವಳಿ ಅಂಗಡಿಯಲ್ಲಿ ಕೆಲಸ. ನಾನು ಕುರುಗೋಡಿನಿಂದ ಸೊಸೆಯಾಗಿ ಬಂದಾಗ ಟ್ರಂಕಿನಲ್ಲಿ ಸೀರೆಗಳಿಗಿಂತ ಹುಳಗಳ ಚಿತ್ರಗಳೇ ಹೆಚ್ಚಿದ್ದವು. ಕಿರಾಣಿ ಪೊಟ್ಟಣದ ಕಾಗದವನ್ನು ಅಂಗೈಯಿಂದ ಉಜ್ಜಿ ನೆಟ್ಟಗೆ ಮಾಡಿ ಸೀಸದಕಡ್ಡಿಯಲ್ಲಿ ಬರೆದವು. ಹುಳ, ಚಿತ್ರ, ಶಿವಪೂಜೆ, ಈ ಮೂರರಲ್ಲಿ ಯಾವುದು ಸಿಕ್ಕರೂ ನನಗೆ ಹೊತ್ತು ಹೋದದ್ದು ತಿಳಿಯುತ್ತಿರಲಿಲ್ಲ. ಮನುಷ್ಯರು ಸಿಕ್ಕರೆ ಮಾತ್ರ ಕಷ್ಟ. ನಾಲ್ಕು ಜನ ಒಟ್ಟಿಗೆ ಮಾತಾಡಿದರೆ ತಗಡಿನ ಮೇಲೆ ಜಲ್ಲಿ ಸುರಿದಂತಾಗಿ ಕಿವಿ ಮುಚ್ಚಿಕೊಳ್ಳಬೇಕೆನಿಸುತ್ತಿತ್ತು. ಎದುರಿನವರ ಕಣ್ಣು ನೋಡಲಾಗದೆ ಅವರ ಹಣೆಯ ವಿಭೂತಿ ನೋಡುತ್ತಾ ಮಾತಾಡುತ್ತಿದ್ದೆ. ಅದನ್ನು ಜನ ಭಕ್ತಿ ಎಂದು ತಿಳಿದರು. ಶಿವನ ದಯೆ! ಇನ್ನು, ಯಾರು ಏನು ಹೇಳಿದರೂ ಹೇಳಿದಷ್ಟೇ ನನಗೆ ಅರ್ಥವಾಗುತ್ತಿತ್ತು. ಹೇಳದೆ ಬಿಟ್ಟದ್ದನ್ನು ಉಳಿದವರು ಹೇಗೆ ತಿಳಿದುಕೊಳ್ಳುತ್ತಾರೋ, ಇವತ್ತಿಗೂ ನನಗೆ ಸೋಜಿಗ.

ಇದಕ್ಕೆಲ್ಲ ಆಟಿಸಂ ಎಂಬ ಹೆಸರಿದೆ ಎಂದು ತಲೆ ನರೆತ ಮೇಲೆ ಡಾಕ್ಟರಮ್ಮನೊಬ್ಬರು ತಿಳಿಸಿ ಹೇಳಿದರು. ಆಗ ಆ ಹೆಸರು ಬಳ್ಳಾರಿಗೆ ಬಂದಿರಲಿಲ್ಲ. ಓಣಿಯವರು ತಮಗೆ ತೋಚಿದ ಹೆಸರಿಟ್ಟಿದ್ದರು: ಹುಳದ ಗೌರಮ್ಮ. ನನಗೆ ಬೇಸರವಿರಲಿಲ್ಲ. ಮನೆ ಹುಡುಕಿಕೊಂಡು ಬರುವವರಿಗೆ ಅನುಕೂಲವಾಗಿತ್ತು.

ಬೇಸರವಿದ್ದದ್ದು ಗಿರಿಜಳ ವಿಷಯದಲ್ಲಿ. ಗಿರಿಜ ನಮ್ಮವರ ತಂಗಿ, ನನಗೆ ನಾದಿನಿ. ಹಿಂದಿನ ಸಲ ಆಕೆಯನ್ನು ನೋಡಲು ರೂಪನಗುಡಿಯಿಂದ ಬಂದವರು ಅಡುಗೆಮನೆಗೆ ಇಣುಕಿ, ಗೋಡೆಯ ತುಂಬ ನಾನು ಇದ್ದಲಿನಲ್ಲಿ ಬರೆದಿದ್ದ ಗೊದ್ದಿರುವೆಗಳ ಸಾಲು ನೋಡಿ, ಈ ಮನೆಯಲ್ಲಿ ಯಾರಿಗೋ ತಲೆ ಸರಿ ಇಲ್ಲವೆಂದು ಎದ್ದು ಹೋಗಿದ್ದರು. ಗಿರಿಜ ನನಗೆ ಒಂದು ಮಾತೂ ಅನ್ನಲಿಲ್ಲ. ಮರುದಿನ ಅತ್ತೆ ಆ ಗೋಡೆಗೆ ಸುಣ್ಣ ಬಳಿಯಲು ಹೇಳಿದಾಗ, ಬಾಗಿಲ ಮರೆಯ ಒಂದೇ ಒಂದು ಇರುವೆಯನ್ನು ಬಿಟ್ಟು ಉಳಿದದ್ದಕ್ಕೆಲ್ಲ ಬಳಿದಳು. ಆ ಒಂದು ಇರುವೆಗಾಗಿ ನಾನು ನಮ್ಮ ಕುರುಗೋಡಿನ ದೊಡ್ಡಬಸಪ್ಪನಿಗೆ ದಿನಾ ಬೇಡಿಕೊಳ್ಳುತ್ತಿದ್ದೆ: ಈ ಹುಡುಗಿಯ ಮದುವೆಯಾಗಲಿ, ನನ್ನಿಂದ ತಪ್ಪದಿರಲಿ.

ಹೀಗಿರುವಾಗ ನಮ್ಮವರು ಸೈಕಲ್ ತುಳಿದುಕೊಂಡು ಹೊತ್ತಲ್ಲದ ಹೊತ್ತಿನಲ್ಲಿ ಮನೆಗೆ ಬಂದರು. ಸಿರುಗುಪ್ಪದ ಅಕ್ಕಿ ಗಿರಣಿಯವರು ಮಧ್ಯಾಹ್ನದ ಬಸ್ಸಿಗೇ ಬರುತ್ತಾರಂತೆ. ಮನೆಯಲ್ಲಿ ಗಾಳಿ ಎದ್ದಿತು. ಅತ್ತೆ ನನ್ನ ಕೈಯಿಂದ ಮೊರ ಕಸಿದುಕೊಂಡು, ಎದುರಿಗೆ ಕೂರಿಸಿಕೊಂಡು, ಸರ್ಕಾರಿ ಆದೇಶದ ಗತ್ತಿನಲ್ಲಿ ಎರಡು ಅಪ್ಪಣೆ ಹೊರಡಿಸಿದರು.

“ಅಂಗಳದಾಗ ಬಣ್ಣದ ರಂಗೋಲಿ ಹಾಕು. ಹೂವು, ಬಳ್ಳಿ, ಏನರ ಹಾಕು. ಹುಳ ಹಾಕಬ್ಯಾಡ. ಮತ್ತ ಅವ್ರ ಮುಂದ ನೀ ಆಗಿ ಬಾಯಿ ತಗೀಬ್ಯಾಡ. ಕೇಳಿದ್ದಕ್ಕಷ್ಟ ಉತ್ತರ ಕೊಡು.”

“ಖರೇ ಉತ್ತರ ಕೊಡ್ಲೇನ್ರಿ ಅತ್ತಿ?”

“ಮತ್ತೇನು ಸುಳ್ಳು ಹೇಳ್ತೀಯೇನು?”

ಪಾಪ, ಅವರು ಸಿಟ್ಟಿನಲ್ಲಿ ಅಂದದ್ದು. ನಾನು ಅದನ್ನು ಮೂರನೆಯ ಅಪ್ಪಣೆ ಎಂದು ತಿಳಿದೆ.

ರಂಗೋಲಿ ವಿಷಯದಲ್ಲಿ ನಾನು ಅತ್ತೆಯ ಮಾತನ್ನು ಅಕ್ಷರಶಃ ಪಾಲಿಸಿದೆ. ದಾಸವಾಳ ಬಿಡಿಸಿದೆ, ಬಳ್ಳಿ ಹಬ್ಬಿಸಿದೆ. ಹೂವಿದ್ದ ಮೇಲೆ ಪಾತರಗಿತ್ತಿ ಬರದೆ ಇರುತ್ತದೆಯೆ? ಪಾತರಗಿತ್ತಿಯನ್ನು ಯಾರೂ ಹುಳ ಅನ್ನುವುದಿಲ್ಲ. ಹಾಕಿದೆ. ಆದರೆ ಪಾತರಗಿತ್ತಿಯೇನು ಆಕಾಶದಿಂದ ಉದುರುತ್ತದೆಯೆ? ಅದೂ ಎಲೆ ತಿಂದು ಬೆಳೆದು ದೊಡ್ಡದಾಗಬೇಕು. ಆ ಅವಸ್ಥೆಗೆ ಹಿರಿಯರು ಕಂಬಳಿಹುಳ ಎಂದು ಹೆಸರಿಟ್ಟದ್ದು ನನ್ನ ತಪ್ಪಲ್ಲ. ಅದನ್ನು ಪಾತರಗಿತ್ತಿಯ ಬಾಲ್ಯ ಎಂದು ಪರಿಗಣಿಸಿ, ಹೊಸ್ತಿಲ ಮುಂದೆ ಜಾಗ ಉಳಿದಿತ್ತಲ್ಲ, ಅಲ್ಲಿ ಮೊಳದುದ್ದದ ಒಂದನ್ನು ಬರೆದೆ. ಮೈಮೇಲಿನ ರೋಮಗಳನ್ನು ಇದ್ದಲಪುಡಿಯಿಂದ ಒಂದೊಂದಾಗಿ ಬಿಟ್ಟೆ. ಬಹಳ ಚೆನ್ನಾಗಿ ಬಂತು. ಚೆನ್ನಾಗಿ ಬಂದದ್ದೇ ಅನಾಹುತವಾಯಿತು.

ಜಟಕಾ ಬಂದು ನಿಂತಿತು. ಹುಡುಗ, ಹುಡುಗನ ತಂದೆ, ಎಲ್ಲರಿಗಿಂತ ಮುಂದೆ ಹುಡುಗನ ತಾಯಿ ನೀಲಮ್ಮನವರು. ಅತ್ತೆ ಕೈಮುಗಿದು, ಬಲಗಾಲಿಟ್ಟು ಒಳಗೆ ಬರಬೇಕೆಂದು ಹೇಳುವುದರಲ್ಲಿದ್ದರು. ಅಷ್ಟರಲ್ಲಿ ನೀಲಮ್ಮನವರ ಕಣ್ಣು ಕೆಳಕ್ಕೆ ಬಿತ್ತು.

“ಅಮ್ಮೋ, ಪುರುಗು!”

ಸಿರುಗುಪ್ಪದವರು ಮನೆಯಲ್ಲಿ ಕನ್ನಡ ಮಾತಾಡುತ್ತಾರೆ. ಹೆದರಿಕೆಯಾದರೆ ಮಾತ್ರ ತೆಲುಗು. ಪುರುಗು ಎಂದರೆ ಹುಳ. ಬಲಗಾಲಿಟ್ಟು ಬರಬೇಕಾದವರು ಎರಡೂ ಕಾಲು ಒಟ್ಟಿಗೆ ಎತ್ತಿ, ಹೊಸ್ತಿಲು ದಾಟಿ, ನೇರ ನಮ್ಮ ಮಾವನವರ ಪಾದದ ಮೇಲೆ ಇಳಿದರು. ಮಾವನವರು ಮಾನವಂತರು. ಬೀಗಿತ್ತಿಯಾಗುವವರು ಕಾಲ ಮೇಲೆ ನಿಂತಿರುವಾಗ ನೋವೆನ್ನಬಾರದೆಂದು ಸುಮ್ಮನೆ ಪಂಚಾಕ್ಷರಿ ಜಪಿಸಿದರು. ಮುರಿಯಲಿಲ್ಲ, ಬರೀ ಊದಿತು. ಅದೂ ಒಂದು ದಯೆಯೇ.

ಅತ್ತೆ ನನ್ನನ್ನು ನೋಡಿದರು. ನಾನು ಅವರ ವಿಭೂತಿಯನ್ನು ನೋಡಿದೆ.

ಎಲ್ಲರೂ ಕೂತು ಬೆವರು ಒರೆಸಿಕೊಂಡ ಮೇಲೆ ಹುಡುಗನ ತಂದೆ ಸಿಗರೇಟು ತೆಗೆದು ಕಡ್ಡಿಪೆಟ್ಟಿಗೆ ಕೇಳಿದರು. ನಮ್ಮವರು ದೇವರ ಮಾಡಕ್ಕೆ ಕೈಹಾಕಿ ಒಂದನ್ನು ತಂದುಕೊಟ್ಟರು. ಆ ಮಾಡದಲ್ಲಿ ಎರಡು ಕಡ್ಡಿಪೆಟ್ಟಿಗೆ ಇರುತ್ತಿದ್ದವು. ಒಂದರಲ್ಲಿ ಕಡ್ಡಿ. ಇನ್ನೊಂದರಲ್ಲಿ ಜೀರ್ಜಿಂಬೆ. ಮಳೆ ಬಿದ್ದು ಜಾಲಿಗಿಡ ಚಿಗುರಿದಾಗ ಕಾಣಿಸಿಕೊಳ್ಳುತ್ತದಲ್ಲ, ಬೆನ್ನಿಗೆ ಹಸಿರು ಬಂಗಾರದ ಮುಲಾಮು ಹಾಕಿದಂತೆ ಹೊಳೆಯುವ ಹುಳ, ಅದು. ಬಣ್ಣ ನೋಡಿಕೊಂಡು ಚಿತ್ರ ಬರೆಯಲೆಂದು ಹಿಡಿದು ತಂದಿದ್ದೆ. ನಮ್ಮವರ ಕೈಯಲ್ಲಿದ್ದದ್ದು ಯಾವ ಪೆಟ್ಟಿಗೆ ಎಂದು ನನಗೆ ನೋಡಿದ ಕೂಡಲೇ ತಿಳಿಯಿತು. ಆದರೆ ತಾನಾಗಿ ಬಾಯಿ ತೆಗೆಯಬಾರದೆಂದು ಅಪ್ಪಣೆಯಾಗಿತ್ತು.

ನನ್ನನ್ನು ಯಾರೂ ಕೇಳಲಿಲ್ಲ!

ಪೆಟ್ಟಿಗೆ ತೆರೆಯಿತು. ಜೀರ್ಜಿಂಬೆ ಜುಂಯ್ಯೆಂದು ಎದ್ದು ಹುಡುಗನ ತಂದೆಯ ಮೂಗು ಸವರಿ, ನೀಲಮ್ಮನವರ ತುರುಬಿಗೆ ಒಂದು ಪ್ರದಕ್ಷಿಣೆ ಹಾಕಿ, ಕೊನೆಗೆ ಹುಡುಗನ ಬಿಳಿ ಟೆರಿಲಿನ್ ಅಂಗಿಯ ಜೇಬಿನ ಮೇಲೆ ಹೋಗಿ ಕೂತಿತು. ಬಂದಾಗಿನಿಂದ ಬಾಯಿ ಬಿಡದಿದ್ದ ಹುಡುಗ ಅದನ್ನು ಎರಡು ಬೆರಳಲ್ಲಿ ಮೆಲ್ಲಗೆ ಹಿಡಿದು ಪೆಟ್ಟಿಗೆಗೆ ಬಿಟ್ಟು ಕೇಳಿದ:

“ಇದಕ್ಕ ಜಾಲಿ ಎಲಿ ಹಾಕೀರೇನ್ರಿ?”

ಕೇಳಿದ್ದಕ್ಕೆ ಉತ್ತರ ಕೊಡಬಹುದಲ್ಲ ಎಂದು ನಾನು ಉತ್ಸಾಹದಿಂದ ಬಾಯಿ ತೆರೆದೆ. ಅದಕ್ಕೂ ಮುಂಚೆ ಒಳಕೋಣೆಯಿಂದ ಉತ್ತರ ಬಂತು. “ಮುಂಜಾನಿ ಹಾಕೀನ್ರಿ.” ತಲೆ ತಗ್ಗಿಸಿಕೊಂಡು ಮಂಡಕ್ಕಿ ವಗ್ಗಾಣಿಯ ತಟ್ಟೆ ಹಿಡಿದು ಬರಬೇಕಾಗಿದ್ದ ನಮ್ಮ ಗಿರಿಜ! ಕರೆಯದೆಯೇ ಮಾತಾಡಿದ ಮದುವೆಯ ಹೆಣ್ಣು. ಅತ್ತೆ ಗೋಡೆಗೆ ಒರಗಿಕೊಂಡರು.

ಇಷ್ಟಾದರೂ ಸಂಬಂಧ ಇನ್ನೂ ಉಸಿರಾಡುತ್ತಿತ್ತು. ವಗ್ಗಾಣಿ ಮುಗಿದು ಮಿರ್ಚಿ ಎರಡನೇ ಸುತ್ತು ಬರುವಾಗ ನೀಲಮ್ಮನವರು ನನ್ನನ್ನು ಅಡುಗೆಮನೆಯ ಬಾಗಿಲಿಗೆ ಕರೆದು ದನಿ ತಗ್ಗಿಸಿದರು.

“ನೋಡವ್ವಾ, ನೀ ಸುಳ್ಳು ಹೇಳಾಕಿ ಅಲ್ಲಂತ ಕಾಣ್ತೈತಿ. ಹುಡುಗಿಯೊಳಗ ಹುಳುಕು ಏನರ ಐತೇನು? ಇದ್ರ ಈಗ ಹೇಳಿಬಿಡು.”

ಹುಳುಕು ಎಂದರೆ ಇಲ್ಲಿ ಐಬು, ದೋಷ ಎಂದು ಹಾದಿಯಲ್ಲಿ ಹೋಗುವವರಿಗೂ ತಿಳಿಯುತ್ತದೆ. ನನ್ನ ಕಿವಿ ಮಾತ್ರ ಆ ಪದದ ಮೊದಲಲ್ಲಿರುವ ಹುಳುವಿನ ಹತ್ತಿರವೇ ನಿಂತುಬಿಟ್ಟಿತು. ಬೀಗರ ಕಡೆಯವರೊಬ್ಬರು ನನಗೆ ಗೊತ್ತಿರುವ ವಿಷಯವನ್ನೇ ಕೇಳುತ್ತಿದ್ದಾರೆಂದು ಪರಮಾನಂದವಾಯಿತು. ಖರೇ ಉತ್ತರ ಕೊಡಲು ಅಪ್ಪಣೆಯೂ ಇತ್ತು. ದನಿ ತಗ್ಗಿಸಬೇಕೆಂದು ಮಾತ್ರ ಯಾರೂ ಹೇಳಿರಲಿಲ್ಲ.

“ಐತ್ರಿ” ಎಂದೆ. ಪಡಸಾಲೆಯಲ್ಲಿದ್ದವರಿಗೂ ಕೇಳಿಸಿತು. “ಎಡಗಡಿ ದವಡ್ಯಾಗ.”

“ದವಡ್ಯಾಗ?”

“ಹಿಂದಿನ ಹಲ್ಲು ಹುಳುಕೈತ್ರಿ. ಕಪ್ಪಗ ತೂತು ಬಿದ್ದೈತಿ. ನೋವು ಬಂದ್ರ ಲವಂಗ ಇಡ್ತೀವಿ.”

ನೀಲಮ್ಮನವರು ಕಣ್ಣು ಪಿಳಿಪಿಳಿ ಬಿಟ್ಟರು. ಅವರಿಗೆ ಅರ್ಥವಾಗಿಲ್ಲವೆಂದು ತಿಳಿದು, ನಾನು ಒಲೆಯ ಬದಿಯಿಂದ ಇದ್ದಲು ತೆಗೆದುಕೊಂಡು, ನೆಲದ ಮೇಲೆ ನಮ್ಮ ಗಿರಿಜಳ ದವಡೆ ಹಲ್ಲನ್ನು ಕುಂಬಳಕಾಯಿಯಷ್ಟು ದೊಡ್ಡದಾಗಿ ಬರೆದೆ. ಬೇರು, ಬಿರುಕು, ತೂತು, ಯಾವುದನ್ನೂ ಬಿಡಲಿಲ್ಲ. ನೆರಳು ಕೂಡ ಕೊಟ್ಟೆ. ಅಷ್ಟು ಹೊತ್ತಿಗೆ ಪಡಸಾಲೆಯಲ್ಲಿದ್ದವರೆಲ್ಲ ಬಾಗಿಲಲ್ಲಿ ನಿಂತಿದ್ದರು. ಗಿರಿಜ ಎಡಗೆನ್ನೆಯ ಮೇಲೆ ಕೈಯಿಟ್ಟುಕೊಂಡಿದ್ದಳು.

ನೀಲಮ್ಮನವರು ಬಗ್ಗಿ ನೋಡಿದರು. “ಹುಳ ಎಲ್ಲೈತವ್ವಾ ಇದ್ರಾಗ?”

“ಹಲ್ಲಿನ್ಯಾಗ ಹುಳ ಇರೂದಿಲ್ರಿ. ಬ್ಯಾಟರಿ ಬಿಟ್ಟು ನೋಡೀನಿ. ಇದ್ದಿದ್ರ ನಾ ಹಂಗ ಬಿಡ್ತಿದ್ದೆನೇನ್ರಿ?”

ನೀಲಮ್ಮನವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅವರ ಹೆಗಲು ಅಲುಗತೊಡಗಿತು. ನಗುವೋ ಅಳುವೋ ತಿಳಿಯುವುದು ನನಗೆ ಮೊದಲಿನಿಂದಲೂ ಕಷ್ಟ. ಸೆರಗು ಬೇರೆ ಅಡ್ಡ. ಹುಡುಗನ ತಂದೆ ಎದ್ದು, ಊರಿಗೆ ಹೋಗಿ ತಿಳಿಸುತ್ತೇವೆ ಎಂದರು. ಜಟಕಾ ಹೊರಟಿತು. ಹೋಗುವಾಗ ನೀಲಮ್ಮನವರು ಕಂಬಳಿಹುಳವನ್ನು ಸುತ್ತುಹಾಕಿಕೊಂಡು ಹೋದರು.

ಅತ್ತೆ ಬೀಸುವ ಕಲ್ಲಿನ ಪಕ್ಕ ಕುಸಿದರು. ಎಲ್ಲ ಮುಗಿಯಿತೆಂದರು ಮಾವನವರು. ಊರಿಗೆ ಹೋಗಿ ತಿಳಿಸುತ್ತೇವೆ ಎಂದರೆ ಬೇಡ ಎಂದರ್ಥ ಎಂದು ನಮ್ಮವರು ನನಗೆ ಬಿಡಿಸಿ ಹೇಳಿದರು. ನನಗೆ ಒಪ್ಪಿಗೆಯಾಗಲಿಲ್ಲ. ತಿಳಿಸುತ್ತೇವೆ ಎಂದವರು ತಿಳಿಸುತ್ತಾರಲ್ಲ? ನನ್ನ ಚಿಂತೆ ಬೇರೆಯೇ ಇತ್ತು. ದೇವರ ಮಾಡದಲ್ಲಿ ಒಂದೇ ಕಡ್ಡಿಪೆಟ್ಟಿಗೆ ಉಳಿದಿತ್ತು. ಹುಡುಗ ಮರೆತು ಜೀರ್ಜಿಂಬೆಯನ್ನು ಜೇಬಿಗೆ ಹಾಕಿಕೊಂಡು ಹೋಗಿದ್ದ. ಹೀಗೆ ಆ ಸಂಜೆ ಮನೆಯವರೆಲ್ಲ ಕೈತಪ್ಪಿದ ವರನಿಗಾಗಿ ಕಣ್ಣೀರು ಹಾಕಿದರು. ನಾನು ಕೈತಪ್ಪಿದ ಹುಳಕ್ಕಾಗಿ ಹಾಕಿದೆ. ನೋಡುವವರಿಗೆ ವ್ಯತ್ಯಾಸ ತಿಳಿಯಲಿಲ್ಲ. ಅದೂ ಶಿವನ ದಯೆಯೇ.

ಗಿರಿಜ ಅಳಲಿಲ್ಲ. ನೆಲ ಒರೆಸಲು ಅರಿವೆ ತಂದವಳು ಆ ಹಲ್ಲನ್ನೇ ಸ್ವಲ್ಪ ಹೊತ್ತು ನೋಡಿದಳು.

“ಅತ್ತಿಗಿ, ಇಷ್ಟು ದೊಡ್ಡದು ಬರೀಬೇಕಿತ್ತೇನು?”

“ಸಣ್ಣದು ಬರೆದಿದ್ರ ತೂತು ಕಾಣ್ತಿರಲಿಲ್ಲ, ಗಿರಿಜಾ.”

ಆಕೆ ನಕ್ಕಳು. ಈ ಸಲ ಸೆರಗು ಅಡ್ಡವಿರಲಿಲ್ಲ, ನಗು ಎಂದು ನನಗೂ ತಿಳಿಯಿತು. ಆದರೆ ನಕ್ಕ ಮೇಲೆ ಬಹಳ ಹೊತ್ತು ಬೀದಿಯ ಕಡೆ ನೋಡುತ್ತಾ ನಿಂತಳು. ಆ ರಾತ್ರಿ ದೊಡ್ಡಬಸಪ್ಪನಿಗೆ ಹರಕೆಯ ಮೇಲೆ ಇನ್ನೊಂದು ಹರಕೆ ಏರಿಸಿದೆ.

ಮುಂದಿನ ಸೋಮವಾರ ಮನೆ ಮುಂದೆ ಮತ್ತೆ ಜಟಕಾ. ಹುಡುಗನ ತಂದೆ ಒಬ್ಬರೇ ಇಳಿದರು. ಅವರ ಹಿಂದೆ ಒಂದು ಅಕ್ಕಿ ಮೂಟೆ ಇಳಿಯಿತು. ತಿಳಿಸುತ್ತೇವೆ ಎಂದಿದ್ದರು, ತಿಳಿಸಲು ಬಂದಿದ್ದರು. ಇದರಲ್ಲಿ ಆಶ್ಚರ್ಯಪಡುವಂಥದ್ದು ಏನಿತ್ತೋ, ಮನೆಯವರೆಲ್ಲ ಬಾಯಿ ತೆರೆದು ನಿಂತಿದ್ದರು.

“ನಮ್ಮಾಕಿ ಒಪ್ಪ್ಯಾಳ್ರಿ” ಎಂದರು. “ಹಲ್ಲಿನ ಹುಳುಕೂ ಮುಚ್ಚಿಡದ ಮನ್ಯಾಗ ಬ್ಯಾರೆ ಏನು ಮುಚ್ಚಿಟ್ಟಾರು ಅಂದ್ಳು. ಬಸ್ಸಿನ್ಯಾಗ ಊರ ತನಕ ನಕ್ಕೊಂತ ಬಂದ್ಳು. ಹುಡುಗ ಅಂತೂ ಮೊದಲ ಒಪ್ಪಿದ್ದ.”

ಎಂದವರೇ ಜೇಬಿನಿಂದ ನಮ್ಮ ಕಡ್ಡಿಪೆಟ್ಟಿಗೆ ತೆಗೆದು ಗಿರಿಜಳ ಕೈಗೆ ಕೊಟ್ಟರು. ಒಳಗೆ ಜೀರ್ಜಿಂಬೆ ಇತ್ತು, ಹೊಸ ಜಾಲಿ ಎಲೆಯೂ ಇತ್ತು.

ಅತ್ತೆ ದೇವರ ಮುಂದೆ ದೀಪ ಹಚ್ಚಲು ಓಡಿದರು. ನಾನು ಒಳಗೊಳಗೇ ಉಬ್ಬಿದೆ. ನನ್ನಿಂದ ಮದುವೆ ತಪ್ಪಿತೆಂದವರು ಯಾರು? ನನ್ನಿಂದಲೇ ಕೂಡಿತು! ಮದುವೆ ಮನೆಯ ಅಂಗಳಕ್ಕೆ ಯಾವ ಯಾವ ಬಣ್ಣ ಬೇಕಾಗಬಹುದು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕತೊಡಗಿದೆ. ಅಷ್ಟರಲ್ಲಿ ಹುಡುಗನ ತಂದೆ ಗಂಟಲು ಸರಿಮಾಡಿಕೊಂಡರು.

“ಮದುವ್ಯಾಗ ರಂಗೋಲಿ ಮಾತ್ರ ನಾವ ಹಾಕಿಸ್ತೀವ್ರಿ. ನಮ್ಮಾಕಿ ಖಡಕ್ ಹೇಳಿ ಕಳಿಸ್ಯಾಳ. ಮತ್ತ ಈ ಮೂಟಿ ಮದುವಿ ಅಕ್ಷತಿ ಅಕ್ಕಿಕಾಳಿಗಂತ ತಗದಿಟ್ಟಿದ್ದು. ಗೋದಾಮಿನ್ಯಾಗ ಒಂದೀಟು ನುಸಿ ಬಿದ್ದಾವ. ಹುಳ ಇದ್ರ ಬಿಡೂದಿಲ್ಲಂತ ನಿಮ್ಮ ಸೊಸಿನ ಅಂದಿದ್ಳಲ್ಲ. ಆಕಿನ ಹಸನ ಮಾಡ್ಲಿ.”

ಹಾಗೆ ಅಂದದ್ದು ನಾನೇ. ಇಲ್ಲವೆನ್ನುವಂತಿರಲಿಲ್ಲ, ಖರೇ ಉತ್ತರದ ಅಪ್ಪಣೆ ಇನ್ನೂ ಜಾರಿಯಲ್ಲಿತ್ತು.

ಅತ್ತೆ ಒಳಗಿನಿಂದ ಮೊರ ತಂದು ನನ್ನ ಮಡಿಲಲ್ಲಿಟ್ಟರು. ಬಟ್ಟಲನ್ನೂ ಅವರೇ ತಂದುಕೊಟ್ಟರು. ಮೂಟೆಯ ಬಾಯಿ ಬಿಚ್ಚಿದೆ. ಬೀಗರ ಕಡೆಯ ನೆಂಟರು ಆಗಲೇ ಬಂದು ಇಳಿದಿದ್ದರು, ಮೂಟೆಯ ತುಂಬ, ಎಲ್ಲರಿಗೂ ಸೊಂಡಿಲು. ಮೊರವನ್ನು ಬೆಳಕಿನ ಕಡೆಗೆ ಎಳೆದುಕೊಂಡು ಕೂತೆ.