ಸರ್ಜಾ ಎತ್ತಿನ ಡೋಪಮೈನ್ ಮತ್ತು ಎದೆಮಟ್ಟದ ತೋರಣ

ಸಂಖ್ಯೆ: ಇಲಾ/ಎತ್ತು/ನಡಿಗೆ/ಇತರೆ/1989
ಅಥಣಿ, ದಿನಾಂಕ: 6-2-1989

ಸುತ್ತೋಲೆ

ವಿಷಯ: ಐಗಳಿಯ ಮಲಕವ್ವನವರ ಸರ್ಜಾ ಎಂಬ ಎತ್ತು ನಿಂತಲ್ಲೇ ನಿಲ್ಲುವುದು, ಅದರ ಮಿದುಳಿನ ಎರಡು ರಾಸಾಯನಿಕಗಳ ನಡುವಿನ ಅಸಹಕಾರ ಹಾಗೂ ದವಾಖಾನೆ ಗೇಟಿನ ತೋರಣದ ಎತ್ತರ ಕುರಿತು.

ಉಲ್ಲೇಖ: 1. ಪಾಲುದಾರ ಭೀಮಸಿಯವರ ಅರ್ಜಿ. 2. ಮಲಕವ್ವನವರ ಅಳು (ಮೌಖಿಕ).

1. ಸದರಿ ಎತ್ತು ಕಬ್ಬಿನ ಗಾಡಿ ಎಳೆಯುತ್ತಿದ್ದಂತೆಯೇ ನಡುರಸ್ತೆಯಲ್ಲಿ ಗೂಟ ಬಡಿದ ಹಾಗೆ ನಿಂತು, ಹಿಂದಿನ ಗಾಡಿಗಳನ್ನೆಲ್ಲ ತಡೆಯುತ್ತಿರುವುದು ಗಮನಕ್ಕೆ ಬಂದಿರುತ್ತದೆ. ಎತ್ತಿನಲ್ಲಿ ಅರ್ಧ ಪಾಲುಳ್ಳ, ಮಲಕವ್ವನವರ ಮೈದುನ ಭೀಮಸಿ, "ನಡೀಲಾರದ ಎತ್ತಿಗಿ ಮೇವ ಯಾಕ ಹಾಕೂದ್ರಿ?" ಎಂದು ವಾದಿಸಿ, ಕಸಾಯಿಖಾನೆಯ ದಲಾಲಿಗೆ ಮಾರಲು 'ನಿರುಪಯುಕ್ತ' ಎಂಬ ದಾಖಲೆ ಕೋರಿರುತ್ತಾರೆ. ಮಲಕವ್ವನವರ ಹೇಳಿಕೆಯನ್ನು ಇದ್ದದ್ದು ಇದ್ದಂತೆಯೇ ದಾಖಲಿಸಲಾಗಿದೆ: "ಅವ ಮೈಗಳ್ಳ ಅಲ್ರಿ ಸಾಹೇಬ್ರ. ಹೋಗಬೇಕಂತಾನ, ಕಾಲು ಕೇಳವಲ್ವು. ವರ್ಷಾ ಕಾರಹುಣ್ಣಿಮಿಗಿ ಅಗಸ್ಯಾಗ ಇವನೇ ಮೊದಲ ಕರಿ ಹರಿತಿದ್ದ." (ಕರಿ ಎಂದರೆ ಊರ ಅಗಸೆಬಾಗಿಲಿಗೆ ಅಡ್ಡಲಾಗಿ ಕಟ್ಟುವ ಬೇವಿನ ತೋರಣ. ಓಡಿ ಬಂದು ಮೊದಲು ಹರಿದ ಎತ್ತಿಗೆ ಊರೆಲ್ಲ ಮರ್ಯಾದೆ.) ಬಳಿಕ ಅವರು ಅತ್ತಿರುತ್ತಾರೆ. ಅಳುವಿಗೆ ಇಲಾಖೆಯಲ್ಲಿ ನಮೂನೆ ಇರುವುದಿಲ್ಲ.

2. ಪಶುವೈದ್ಯ ಡಾ. ಧರಣೇಂದ್ರ ಅವರ ಅಭಿಪ್ರಾಯದಂತೆ, ಮಿದುಳಿನ ಆಳದಲ್ಲಿ ಡೋಪಮೈನ್ 'ನಡಿ' ಎನ್ನುತ್ತದೆ, ಅಸಿಟೈಲ್‌ಕೋಲಿನ್ 'ತಡಿ' ಎನ್ನುತ್ತದೆ. ಇಬ್ಬರೂ ಸರದಿ ಅರಿತು ನಡೆದರೆ ಕಾಲು ಏಳುತ್ತದೆ. ಡೋಪಮೈನ್ ಬತ್ತಿದರೆ ತಡೆಯುವವನದೇ ದರ್ಬಾರು. ಆದ್ದರಿಂದ ಉಭಯ ರಾಸಾಯನಿಕಗಳು ಕೂಡಲೇ ಹೊಂದಿಕೊಂಡು, ಸೂಕ್ತ ಮಾರ್ಗದ ಮೂಲಕ ವರದಿ ಸಲ್ಲಿಸತಕ್ಕದ್ದೆಂದು ಈ ಮೂಲಕ ಸೂಚಿಸಲಾಗಿದೆ.

3. ಏಳಬೇಕೆಂದರೂ ಏಳದಿರುವ ಇದೇ ಲಕ್ಷಣ ನೌಕರರಲ್ಲಿ ಕಂಡುಬಂದಲ್ಲಿ, ಅದನ್ನು ಡೋಪಮೈನ್ ಕೊರತೆ ಎಂದು ಪರಿಗಣಿಸತಕ್ಕದ್ದಲ್ಲ. ಅದು ಸೇವಾ ಹಿರಿತನ.

4. ತಪಾಸಣೆಯ ದಿನ ಎತ್ತು ದವಾಖಾನೆಯ ಅಂಗಳದಲ್ಲಿ ಬೆಳಗಿನಿಂದ ಕದಲಲಿಲ್ಲ. ಮೇಲಧಿಕಾರಿಗಳ ಸ್ವಾಗತಕ್ಕೆಂದು ಜವಾನ ಜಿನ್ನಪ್ಪ ಗೇಟಿಗೆ ಮಾವಿನ ತೋರಣ ಕಟ್ಟಿದ್ದು, ಏಣಿ ಮಂಜೂರಾಗದ ಕಾರಣ ಎದೆಮಟ್ಟದಲ್ಲೇ ಬಿಗಿದಿರುತ್ತಾರೆ. ಮೇಲಧಿಕಾರಿಗಳು ತೋರಣದ ಆಚೆಯೇ ನಿಂತು, ಜೀಪಿನ ಬಾನೆಟ್ಟಿನ ಮೇಲೆ ಕಾಗದವಿಟ್ಟು, 'ನಿರುಪಯುಕ್ತ' ಎಂದು ಸಹಿ ಮಾಡಲು ಪೆನ್ನಿನ ಮುಚ್ಚಳ ತೆಗೆದರು. ದಲಾಲಿ ಹಗ್ಗ ಹಿಡಿದು ಹತ್ತಿರ ಬಂದ. ಕೊನೆಗೊಮ್ಮೆ ಮೈದಡವಿ, "ನಡಿಯಪ್ಪಾ" ಎಂದು ಮಲಕವ್ವ ಎತ್ತಿನ ಮೋರೆಯನ್ನು ಗೇಟಿನತ್ತ ತಿರುಗಿಸಿದರು. ತೋರಣ ಕಂಡಿದ್ದೇ ತಡ, ಸರ್ಜಾ ಬಾಲ ಎತ್ತಿ ಓಡಿ ಬಂದು ಕರಿ ಹರಿದಿರುತ್ತಾನೆ.

5. ಈ ಸಂದರ್ಭದಲ್ಲಿ ಮೇಲಧಿಕಾರಿಗಳು ಒಂದೇ ನೆಗೆತಕ್ಕೆ ಜೀಪಿನ ಟಪ್ಪಿನ ಮೇಲೇರಿದ್ದು, ಅವರ ಡೋಪಮೈನ್ ಸಮರ್ಪಕವಾಗಿರುವುದು ದೃಢಪಟ್ಟಿದೆ. ದಲಾಲಿ ಹಗ್ಗ ಬಿಟ್ಟು ಕಾಗವಾಡದ ದಿಕ್ಕಿಗೆ ಕಾಲ್ಕಿತ್ತಿರುತ್ತಾನೆ. ಅವನದೂ ಸಮರ್ಪಕ.

6. ಒಳಗಿನಿಂದ ಹುಕುಂ ಬರದಿದ್ದರೂ, ದಾಟಬೇಕಾದ ಗುರುತೊಂದು ಕಣ್ಣೆದುರಿಗಿದ್ದರೆ ಮಿದುಳು ಬೇರೆ ದಾರಿಯಿಂದ ಕಾಲನ್ನು ಎಬ್ಬಿಸಬಲ್ಲದೆಂದು ವೈದ್ಯರು ತಿಳಿಸಿರುತ್ತಾರೆ. ಸಹಿಯಿಲ್ಲದ ಇಂಥ ಅಡ್ಡದಾರಿ ನಿಯಮಬಾಹಿರ. ಆದರೂ ಎತ್ತು ಈಗಾಗಲೇ ಓಡಿಬಿಟ್ಟಿರುವುದರಿಂದ ಘಟನೋತ್ತರ ಮಂಜೂರಾತಿ ನೀಡಲಾಗಿದೆ.

7. ಇನ್ನು ಮುಂದೆ ತೋರಣ ಕಟ್ಟುವ ಮುನ್ನ ಅಂಗಳದಲ್ಲಿರುವ ಎತ್ತುಗಳ ಪೂರ್ವಸೇವೆಯನ್ನು ಪರಿಶೀಲಿಸತಕ್ಕದ್ದು. ಕರಿ ಹರಿದ ಅನುಭವವುಳ್ಳ ಎತ್ತುಗಳಿಗೆ, ತೋರಣವು ಸಾಹೇಬರ ಸಲುವಾಗಿ ಇರುತ್ತದೆಂದು ಕನ್ನಡ ಹಾಗೂ ಮರಾಠಿ ಎರಡರಲ್ಲೂ ತಿಳಿಹೇಳತಕ್ಕದ್ದು. ಗಡಿಭಾಗವಾದ್ದರಿಂದ ಎತ್ತಿಗೆ ಯಾವುದು ತಿಳಿಯುತ್ತದೆಂಬುದನ್ನು ಇಲಾಖೆ ಊಹಿಸತಕ್ಕದ್ದಲ್ಲ.

8. ಓಡುವ ಎತ್ತನ್ನು ನಿರುಪಯುಕ್ತ ಎನ್ನಲು ಅವಕಾಶವಿಲ್ಲದ ಕಾರಣ ಅರ್ಜಿಯನ್ನು ತಿರಸ್ಕರಿಸಲಾಗಿದೆ. ಸರ್ಜಾ ಮಲಕವ್ವನವರ ಕೊಟ್ಟಿಗೆಯಲ್ಲೇ ಇರತಕ್ಕದ್ದು.

ಸಹಿ/-
ಮೇಲಧಿಕಾರಿ
(ಜೀಪಿನಿಂದ ಇಳಿದ ನಂತರ)

ಪ್ರತಿಗಳು:
1. ಭೀಮಸಿ, ಐಗಳಿ: ಮೇವು ಹಾಕುವ ಕ್ರಮಕ್ಕಾಗಿ.
2. ಜವಾನ ಜಿನ್ನಪ್ಪ: ಏಣಿಯ ಬೇಡಿಕೆ ಪರಿಶೀಲನೆಯಲ್ಲಿದೆ.
3. ಡೋಪಮೈನ್ ಮತ್ತು ಅಸಿಟೈಲ್‌ಕೋಲಿನ್: ಒಂದೇ ಪ್ರತಿ, ಇಬ್ಬರೂ ಕೂಡಿ ಓದಿಕೊಳ್ಳುವುದು.
4. ದಲಾಲಿ: ಬಿಟ್ಟುಹೋದ ಹಗ್ಗವನ್ನು ವಾಪಸು ಕೇಳತಕ್ಕದ್ದಲ್ಲ. ಮಲಕವ್ವನವರು ಅದರ ಎಳೆ ಬಿಚ್ಚಿ, ಬೇವಿನ ಸೊಪ್ಪು ಸಿಕ್ಕಿಸಿ, ದಿನಾ ಮುಂಜಾನೆ ಕೊಟ್ಟಿಗೆಯ ಬಾಗಿಲಿಗೆ ಅಡ್ಡ ಕಟ್ಟುತ್ತಿದ್ದಾರೆ. ಸರ್ಜಾ ಹರಿದುಕೊಂಡು ಹೊರಗೆ ಬರುತ್ತಿದ್ದಾನೆ.