ಹಿತ್ತಿಲ ಹಗೇವೂ ನನ್ನ ಸುತ್ತಿಗೆಯೂ

ನಾನು ನಿಂತಿದ್ದುದು ಹಳಿಯಾಳದ ನಮ್ಮ ಮಾವನವರ ಹಿತ್ತಿಲಿನಲ್ಲಿ, ಹೊಸ್ತಿಲಿನಿಂದ ಹನ್ನೊಂದು ಹೆಜ್ಜೆ ಆಚೆ. ರವಿವಾರ ಬೆಳಿಗ್ಗೆ ಹತ್ತೂಕಾಲು. ಇಷ್ಟು ಖಚಿತವಾಗಿ ಹೇಳಲು ಕಾರಣವಿದೆ: ಹತ್ತು ಗಂಟೆ ಹದಿನಾರು ನಿಮಿಷಕ್ಕೆ ನಾನು ಅಲ್ಲಿ ಪೂರ್ತಿಯಾಗಿ ನಿಂತಿರಲಿಲ್ಲ.

ಮನುಷ್ಯ ಎಲ್ಲಿ ಬೇಕಾದರೂ ಜಾಣತನ ತೋರಬಹುದು, ಮಾವನ ಮನೆಯಲ್ಲಿ ಮಾತ್ರ ತೋರಬಾರದು. ಆಗ ಸೂಪಾದಲ್ಲಿ ಅಣೆಕಟ್ಟು ಏಳುತ್ತಿತ್ತು. ಗಣೇಶಗುಡಿಯ ಸರ್ವೆ ಶಿಬಿರದಲ್ಲಿ ನೆಲಕ್ಕೆ ಸುತ್ತಿಗೆ ಹೊಡೆಯುವುದು ನನ್ನ ಕೆಲಸ. ಹೊಡೆತದ ಅಲೆ ನೆಲದೊಳಗೆ ಓಡುತ್ತದೆ, ಸಾಲಾಗಿ ಊರಿದ ಯಂತ್ರದ ‘ಕಿವಿ’ಗಳು ಅದನ್ನು ಕೇಳುತ್ತವೆ. ಗಟ್ಟಿ ನೆಲವಾದರೆ ಅಲೆ ಬೇಗ ಬರುತ್ತದೆ, ಪೊಳ್ಳು ಅಡ್ಡ ಬಂದರೆ ತಡ. ಇದನ್ನು ಮಾವನವರಿಗೆ ವಿವರಿಸುವಾಗ, ಆ ಯಂತ್ರವನ್ನು ನಾನೇ ಹೆತ್ತವನಂತೆ ವಿವರಿಸಿದ್ದೆ.

ಮಾವನವರ ಚಿಂತೆ ದೊಡ್ಡದು. ನಾಡಿದ್ದು ನಾದಿನಿಯ ಮದುವೆ, ಹಿತ್ತಿಲಿನಲ್ಲೇ ಊಟದ ಪಂಕ್ತಿ. ಅದೇ ಹಿತ್ತಿಲಿನಲ್ಲಿ ಎಲ್ಲೋ ಅಜ್ಜನ ಕಾಲದ ಹಗೇವು, ಅಂದರೆ ನೆಲದೊಳಗೆ ಕಾಳು ತುಂಬಿಡುವ ಆಳವಾದ ಗುಂಡಿ, ಬಾಯಿ ಮುಚ್ಚಿಕೊಂಡು ಮಲಗಿತ್ತು. ಬೀಗರು ಹೋಳಿಗೆ ಸಮೇತ ಒಳಗಿಳಿದರೆ? ನಮ್ಮ ಇಂಜಿನಿಯರ್ ಸಾಹೇಬರು ಅದೇ ಹೋಳಿಗೆಯ ಆಸೆಗೆ ಯಂತ್ರವನ್ನು ಜೀಪಿನಲ್ಲಿ ಹಾಕಿಕೊಂಡು ಬಂದರು.

“ಯಾರೂ ಅಲ್ಲಾಡಬ್ಯಾಡ್ರಿ, ಮಾತಾಡಬ್ಯಾಡ್ರಿ! ಯಂತ್ರಕ್ಕ ಎಲ್ಲಾ ಕೇಳ್ತೈತಿ,” ಎಂದು ನಾನು ಗದರಿಸಿದೆ.

ಅತ್ತೆಯವರು ತಲೆತುಂಬ ಸೆರಗು ಹೊದ್ದು ಬಾಗಿಲ ಮರೆಯಲ್ಲಿದ್ದರು. ನಮ್ಮ ಮದುವೆಯಾಗಿ ಒಂಬತ್ತು ವರ್ಷವಾದರೂ ಅಳಿಯನೊಡನೆ ನೇರವಾಗಿ ಮಾತಾಡಿದವರಲ್ಲ. ಇನ್ನೊಂದು ರೊಟ್ಟಿ ಬೇಕೇ ಎಂಬ ಪ್ರಶ್ನೆಯೂ ನನ್ನ ಹೆಂಡತಿ ಶಾಂತೆಯ ಮೂಲಕವೇ ಬರಬೇಕು.

“ಶಾಂತಾ, ಅವರಿಗೆ ಹೇಳವಾ, ಅಲ್ಲಿ...” ಎಂದು ಪಿಸುಗುಟ್ಟಿದರು.

“ಶ್ಶ್!” ಎಂದೆ.

“ಸುಮ್ಕಿರಬೇ ಅವ್ವಾ, ಯಂತ್ರಕ್ಕಿಂತ ಮೊದಲ ಇವರ ಕೆಡ್ತಾರ,” ಎಂದಳು ಶಾಂತೆ.

ಸುತ್ತಿಗೆ ಬೀಸಿದೆ. ಸಾಹೇಬರು ಯಂತ್ರಕ್ಕೆ ಮೂಗು ತಾಗಿಸಿ, “ಅಲೆ ಭಾಳ ತಡಾ ಬಂತು. ಪೊಳ್ಳು ನಿಮ್ಮ ಕಡೀನ ಐತಿ, ಸ್ವಲ್ಪ ತಡೀರಿ...” ಎಂದರು. ವಿಜ್ಞಾನ ಗೆದ್ದ ಹಿಗ್ಗಿಗೆ ನಾನು ತಡೆಯಲಿಲ್ಲ, ಇನ್ನೂ ಜೋರಾಗಿ ಹೊಡೆದೆ.

ನನ್ನ ಕಾಲಡಿಯೇ ಹಗೇವಿನ ಬಾಯಿಗೆ ಮುಚ್ಚಿದ್ದ ಹಲಗೆ ಅಜ್ಜನಿಗಿಂತ ಸ್ವಲ್ಪವೇ ಹೆಚ್ಚು ಬಾಳಿತ್ತು. ಸುತ್ತಿಗೆಯ ಹಿಡಿ ಅಡ್ಡ ಸಿಕ್ಕಿದ್ದರಿಂದ ಕಂಕುಳಮಟ್ಟಕ್ಕೆ ಇಳಿದು ನಿಂತೆ. ಮೇಲಿನರ್ಧ ಬಿಸಿಲಿನಲ್ಲಿ, ಕೆಳಗಿನರ್ಧ ಕತ್ತಲಲ್ಲಿ. ಗಂಡಸರು ಬೆಪ್ಪಾಗಿ ನೋಡುತ್ತಿದ್ದಾಗ ಅತ್ತೆಯವರು ಸೆರಗು ಜಾರಿದ್ದೂ ಗೊತ್ತಾಗದಂತೆ ಓಡಿಬಂದು ನನ್ನ ರಟ್ಟೆ ಹಿಡಿದರು.

“ಲೇ ಹುಚ್ಚಪ್ಪಾ, ಕೈ ಕೊಡು! ಮದುವ್ಯಾಗಿ ಬಂದ ಹೊಸದಾಗ ಹತ್ತ ವರ್ಷ ಇದರಾಗ ಜ್ವಾಳಾ ತುಂಬಿ ತಗದಾಕಿ ನಾ. ಈ ಮನ್ಯಾಗ ನನ್ನ ಯಾರರ ಒಂದ್ ಮಾತು ಕೇಳೀರೇನು?”

ಗುಂಡಿಗೆ ಮಣ್ಣು ತುಂಬಿಸಿದೆವು. ಬೀಗರು ನೆಲದ ಮೇಲೆಯೇ ಉಂಡರು.

ಇದನ್ನು ಕಂಡವರಲ್ಲಿ ಮಾವನವರೂ ಸಾಹೇಬರೂ ಈಗಿಲ್ಲ. ಶಾಂತೆ ಇದ್ದಾಳೆ, ನಾನು ಕುತ್ತಿಗೆಮಟ್ಟ ಇಳಿದಿದ್ದೆನೆಂದು ಆಣೆ ಹಾಕುತ್ತಾಳೆ. ಅತ್ತೆಯವರೂ ಗಟ್ಟಿಯಾಗಿಯೇ ಇದ್ದಾರೆ. ಅಂದು ನನ್ನೊಡನೆ ನೇರವಾಗಿ ಶುರುಮಾಡಿದ ಮಾತನ್ನು ಅವರು ಇನ್ನೂ ಮುಗಿಸಿಲ್ಲ.