ಬಲಗಡೆ ಅವರದು, ಎಡಗಡೆ ನನ್ನದು

ಅರಸೀಕೆರೆಯ ನಮ್ಮ ಬೀದಿಯಲ್ಲಿ ಯಾರ ಮನೆಯ ಕೆಲಸವಾದರೂ ಬಾಗಿಲೊಳಗೇ ನಡೆದು ಮುಗಿಯುತ್ತದೆ. ಕಾರು ತೊಳೆಯುವುದು ಮಾತ್ರ ಎಲ್ಲರ ಕಣ್ಣೆದುರು. ಬಕೆಟ್ ಹೊರಗಿಟ್ಟು ಐದು ನಿಮಿಷವಾಗುವಷ್ಟರಲ್ಲಿ ಒಬ್ಬರು ಸಲಹೆ ಕೊಡಲು ಬರುತ್ತಾರೆ. ಸಲಹೆಯ ಹಿಂದೆಯೇ ಒಂದು ಎಡವಟ್ಟೂ ಬರುತ್ತದೆ.

ನಾನು ಕಾನ್ವೆಂಟಿನಲ್ಲಿ ಓದಿದವಳು, ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿದವಳು. ಕೆಲಸಕ್ಕೊಂದು ಕ್ರಮ ಇರಬೇಕು ಎನ್ನುವ ವಿಷಯದಲ್ಲಿ ನನ್ನ ಹತ್ತಿರ ರಾಜಿ ಇಲ್ಲ. ಕಾರನ್ನು ಮೇಲಿನಿಂದ ಕೆಳಕ್ಕೆ ತೊಳೆಯಬೇಕು. ಚಕ್ರಕ್ಕೆ ಒಂದು ಬಟ್ಟೆ, ಮೈಗೆ ಇನ್ನೊಂದು. ಪಾಲಿಶ್ ಹಚ್ಚುವುದು ನೆರಳಿನಲ್ಲಿ. ಅದು ಒಣಗಿದ ಮೇಲೆ ಒಂದು ಬಿಳಿ ಚುಕ್ಕೆಯೂ ಉಳಿಯದಂತೆ ಒರೆಸಬೇಕು.

ನಮ್ಮವರು ರೈಲ್ವೆಯಲ್ಲಿದ್ದು ನಿವೃತ್ತರಾದವರು. ಹದಿನೈದು ವರ್ಷದ ನಮ್ಮ ನೀಲಿ ಕಾರನ್ನು ಓಡಿಸುವುದೂ ಅವರೇ, ತೊಳೆಯುವುದೂ ಅವರೇ ಆಗಿತ್ತು. ಹೋದ ವರ್ಷ ಅವರಿಗೆ ಸಣ್ಣದಾಗಿ ಸ್ಟ್ರೋಕ್ ಆಯಿತು. ಮಾತು, ನಡಿಗೆ ಸರಿಹೋದವು. ಬಲಗೈಯ ಹಿಡಿತ ಮಾತ್ರ ಮರಳಿ ಬರಲಿಲ್ಲ. ಇನ್ನು ಕಾರು ಓಡಿಸಬೇಡಿ ಎಂದರು ಡಾಕ್ಟರು. ಆ ದಿನ ಕೀಲಿಯನ್ನು ನನ್ನ ಕೈಗೆ ಹಾಕಿದವರು ಆಮೇಲೆ ಕಾರಿನ ಕಡೆ ತಿರುಗಿ ನೋಡಲಿಲ್ಲ. ಅರವತ್ತೆರಡನೆಯ ವಯಸ್ಸಿನಲ್ಲಿ ನಾನು ಡ್ರೈವಿಂಗ್ ಕಲಿತೆ. ನಾನು ಕಾರು ಹೊರಡಿಸಿದಾಗಲೆಲ್ಲ ಅವರು ಪೇಪರ್ ಎತ್ತಿ ಮುಖಕ್ಕೆ ಅಡ್ಡ ಹಿಡಿಯುತ್ತಿದ್ದರು. ಆ ಪೇಪರಿನ ಹಿಂದಿನಿಂದ ಅವರನ್ನು ಈಚೆಗೆ ತರುವುದು ಹೇಗೆ ಎಂಬುದು ನನ್ನ ಚಿಂತೆಯಾಗಿತ್ತು.

ತೆಂಗಿನ ನಾರು

ಆ ಕೆಲಸವನ್ನು ಮಾಡಿದ್ದು ನಾನಲ್ಲ, ನಮ್ಮ ಮನೆಗೆಲಸದಾಕೆ.

ಒಂದು ಭಾನುವಾರ ನಾನು ಸ್ನಾನಕ್ಕೆ ಹೋಗಿದ್ದಾಗ, ನನಗೆ ಸಹಾಯವಾಗಲೆಂದು ಅವಳೇ ಕಾರು ತೊಳೆಯಲು ಹೋಗಿದ್ದಾಳೆ. ಪಾತ್ರೆ ತೊಳೆದಷ್ಟೇ ಶ್ರದ್ಧೆಯಿಂದ, ಪಾತ್ರೆ ತೊಳೆಯುವ ತೆಂಗಿನ ನಾರಿನಿಂದ, ಬೂದಿಯನ್ನೂ ಹಾಕಿಕೊಂಡು. ನಾನು ಹೊರಗೆ ಬರುವ ಹೊತ್ತಿಗೆ ಬಾನೆಟ್ಟಿನ ಮೇಲೆ ದೋಸೆಯ ಅಗಲಕ್ಕೆ ಸುತ್ತುಸುತ್ತಾಗಿ ಗೆರೆಗಳು ಬಿದ್ದಿದ್ದವು.

"ನಿಲ್ಲಿಸು! ಏನು ಮಾಡ್ತಿದ್ದೀಯ?"

"ಸುಮ್ನಿರಿ ಅಮ್ಮಾವ್ರೇ, ಈಗ ಬುಡ್ತಾ ಐತೆ. ನೋಡಿ, ನಾರೆಲ್ಲಾ ನೀಲಿ ಆಗೈತೆ. ಎಷ್ಟು ವರ್ಷದ ಕೊಳೆಯೋ!"

"ಅದು ಕೊಳೆಯಲ್ಲ, ಕಾರಿನ ಬಣ್ಣ!"

ನನ್ನ ಗಂಟಲು ಬೀದಿಯ ತುದಿಗೂ ಕೇಳಿಸಿರಬೇಕು. ನಮ್ಮವರು ಬರಿಗಾಲಿನಲ್ಲೇ ಓಡಿಬಂದರು. ಗೆರೆಗಳ ಮೇಲೆ ಎಡಗೈ ಆಡಿಸಿದರು. ಬಹಳ ಹೊತ್ತು ಆಡಿಸಿದರು. ಕೊನೆಗೆ, "ಪಾಲಿಶ್ ಹಾಕಿ ಉಜ್ಜಿದರೆ ಮುಕ್ಕಾಲು ಹೋಗುತ್ತೆ ಕಣೇ. ಬಟ್ಟೆ ಎಲ್ಲಿಟ್ಟಿದ್ದೀಯ?" ಎಂದರು.

ತಿಂಗಳುಗಳ ಮೇಲೆ ಅವರು ಕಾರಿನ ವಿಷಯ ಎತ್ತಿದ್ದು ಅದೇ ಮೊದಲು. ನಾನು ಬೈಯುವುದನ್ನು ಅರ್ಧಕ್ಕೆ ಬಿಟ್ಟು ಬಟ್ಟೆ ತರಲು ಒಳಗೆ ಹೋದೆ. ಹಿಂದಿನಿಂದ ಅವಳ ದನಿ ಕೇಳಿಸಿತು: "ನೋಡಿ ಮತ್ತೆ, ನಾನು ಉಜ್ಜದೇ ಇದ್ದಿದ್ರೆ ಅಯ್ಯಾವ್ರು ಈಚಿಕ್ ಬತ್ತಿದ್ರಾ?"

ಕೊಬ್ಬರಿ ಎಣ್ಣೆ

ಅಲ್ಲಿಂದ ಪ್ರತಿ ಭಾನುವಾರ ನಾವಿಬ್ಬರೂ ಕಾರಿಗೆ ಪಾಲಿಶ್ ಹಾಕತೊಡಗಿದೆವು. ಬಾನೆಟ್ಟಿನ ನಟ್ಟನಡುವೆ ಗೆರೆ ಎಳೆದಂತೆ ಬಲಗಡೆಯೆಲ್ಲ ಅವರದು, ಎಡಗಡೆಯೆಲ್ಲ ನನ್ನದು.

ನಮ್ಮ ಬೀದಿಯಲ್ಲಿ ಒಬ್ಬ ಕೊಬ್ಬರಿ ವ್ಯಾಪಾರಿ ಇದ್ದಾರೆ. ತಲೆಗೂದಲಿನಿಂದ ಬಾಗಿಲಿನ ಕೀಲಿನವರೆಗೆ ಎಲ್ಲದಕ್ಕೂ ಅವರದು ಒಂದೇ ಔಷಧಿ. "ಏನ್ ಸಾರ್, ಕೊಬ್ಬರಿ ಊರಲ್ಲಿದ್ದುಕೊಂಡು ಡಬ್ಬಿ ಪಾಲಿಶ್ ಹಾಕ್ತೀರಾ? ಒಂದು ಸಲ ನಮ್ಮ ಎಣ್ಣೆ ಹಚ್ಚಿ ನೋಡಿ," ಎಂದು ಒಂದು ಬಾಟಲಿಯನ್ನೇ ತಂದುಕೊಟ್ಟರು.

ನಮ್ಮವರು ಹಚ್ಚಿ ನೋಡಿಯೇಬಿಟ್ಟರು, ಹಳೇಬೀಡಿನ ಅಕ್ಕನ ಮನೆಗೆ ಇಬ್ಬರೂ ಹೊರಡಲೆಂದು ನಾನು ಸೀರೆ ಉಡುತ್ತಿದ್ದಾಗ. ನಿಜ ಹೇಳಬೇಕು, ಕಾರು ಝಗ್ಗೆಂದಿತು. ನಾನೂ ಮೋಸಹೋಗಿ ಅಕ್ಕನಿಗೆ ಫೋನ್ ಮಾಡಿದೆ: "ನಮ್ಮ ಕಾರು ನಿಮ್ಮೂರ ಗುಡಿಯ ಕಂಬದ ಹಾಗೆ ಆಗಿದೆ. ನಾವು ಬಂದಾಗ ನೋಡುವೆಯಂತೆ, ಮುಖ ಕಾಣಿಸುತ್ತೆ."

ದಾರಿಯಲ್ಲಿ ರಸ್ತೆ ಅಗೆದು ಹಾಕಿದ್ದರು. ಮುಂದೆ ಒಂದು ಲಾರಿ. ಹಳೇಬೀಡು ತಲುಪುವಷ್ಟರಲ್ಲಿ ದಾರಿಯ ಧೂಳೆಲ್ಲ ಎಣ್ಣೆಗೆ ಅಂಟಿ, ಕಾರಿನ ಮೈಗೆ ಹುರಿಗಡಲೆ ಹಿಟ್ಟು ಮೆತ್ತಿದಂತಾಗಿತ್ತು. ಕೈಯಿಂದ ಒರೆಸಿದರೆ ಉಂಡೆ ಕಟ್ಟುತ್ತಿತ್ತು.

ಅಕ್ಕ ಬಾಗಿಲಿಗೆ ಬಂದವಳು ಕಾರಿನಲ್ಲಿ ತನ್ನ ಮುಖವನ್ನು ಎಲ್ಲಿ ನೋಡಬೇಕೆಂದು ತಿಳಿಯದೆ ನನ್ನ ಮುಖ ನೋಡಿದಳು. ಭಾವ ಮಾತ್ರ ಒಂದು ಸುತ್ತು ಹಾಕಿ ಬಂದು ಗಂಭೀರವಾಗಿ ಹೇಳಿದರು: "ಹೊಸ ಕಾರು ತಗೊಂಡಿದ್ದು ಹೇಳಲೇ ಇಲ್ಲ. ಒಳ್ಳೆ ಬಣ್ಣ ಕಣಮ್ಮ. ಇದರ ಮೇಲೆ ಧೂಳು ಕಾಣೋದಿಲ್ಲ."

ನಮ್ಮವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅವರು ಹಾಗೆ ನಕ್ಕು ಎಷ್ಟು ಕಾಲವಾಗಿತ್ತೆಂದು ಲೆಕ್ಕ ಹಾಕುತ್ತ, ಗದರಬೇಕಾದ ಮಾತುಗಳನ್ನು ನುಂಗಿಕೊಂಡೆ.

ಎರಡನೆಯ ಪಾಳಿ

ತೊಂದರೆ ಇದ್ದದ್ದು ಬಲಗಡೆಯಲ್ಲಿ. ಎಡಗೈಯಲ್ಲಿ ಅವರು ಎಷ್ಟು ಒತ್ತಿ ಒರೆಸಿದರೂ ಪಾಲಿಶ್ ಅಲ್ಲಲ್ಲಿ ಬಿಳಿಬಿಳಿಯಾಗಿ ಉಳಿದುಬಿಡುತ್ತಿತ್ತು. ನನಗೋ ತಪ್ಪು ಕಂಡರೆ ಕೆಂಪು ಪೆನ್ನು ಹುಡುಕುವ ಅಭ್ಯಾಸ.

ಕಾನ್ವೆಂಟಿನಲ್ಲಿ ಹೊಲಿಗೆ ಕಲಿಸುತ್ತಿದ್ದ ಸಿಸ್ಟರ್ ನೆನಪಾದರು. ನಾನು ಹೊಲಿದ ಕರವಸ್ತ್ರದ ಅಂಚನ್ನು ಇಡೀ ಕ್ಲಾಸಿನ ಮುಂದೆ ಬಿಚ್ಚಿ, "ಮತ್ತೆ ಹೊಲಿ" ಎಂದಿದ್ದರು. ಮತ್ತೆ ಹೊಲಿದೆ, ನೇರವಾಗಿಯೇ ಹೊಲಿದೆ. ಆ ಅಂಚು ಇವತ್ತಿಗೂ ಬಿಟ್ಟಿಲ್ಲ. ಆದರೆ ಪರೀಕ್ಷೆ ಮುಗಿದ ಮೇಲೆ ನಾನು ಸೂಜಿ ಹಿಡಿಯಲಿಲ್ಲ.

ನಮ್ಮವರೂ ಬಟ್ಟೆ ಕೆಳಗಿಟ್ಟುಬಿಟ್ಟರೆ? ಮತ್ತೆ ಆ ಪೇಪರ್. ಹಾಗಾಗಿ ಬಾಯಿ ಬಿಡಬಾರದೆಂದು ನಿಶ್ಚಯಿಸಿದೆ. ಆದರೆ ಬಿಳಿ ಚುಕ್ಕೆಯನ್ನು ಹಾಗೇ ಬಿಡುವುದೂ ನನ್ನಿಂದ ಆಗದ ಮಾತು. ಊಟವಾಗಿ ಅವರು ಮಲಗಿದ ಮೇಲೆ, ಚಪ್ಪಲಿ ಸದ್ದಾಗದಂತೆ ಹೊರಗೆ ಬಂದು ಬಲಗಡೆಯನ್ನು ಮತ್ತೊಮ್ಮೆ ಒರೆಸತೊಡಗಿದೆ.

ಮೂರನೆಯ ವಾರ ಕಾಂಪೌಂಡಿನ ಆಚೆಯಿಂದ ಪಕ್ಕದ ಮನೆಯಾಕೆಯ ತಲೆ ಮೇಲೆದ್ದಿತು. "ಏನ್ ಮಿಸ್, ಬೆಳಿಗ್ಗೆ ಅಂಕಲ್, ಮಧ್ಯಾಹ್ನ ನೀವು. ರೈಲ್ವೆಯ ಹಾಗೆ ಪಾಳಿ ಮೇಲೆ ಕೆಲಸಾನಾ?"

ನಾನು ಬಾಯಿಗೆ ಬೆರಳಿಟ್ಟು, ವಿಷಯ ತಿಳಿಸಿ, ನಮ್ಮವರಿಗೆ ಗೊತ್ತಾಗಬಾರದೆಂದು ಬೇಡಿಕೊಂಡೆ. ಆಕೆ ಒಂದು ಗಳಿಗೆ ಯೋಚಿಸಿ, "ನಾನ್ಯಾಕೆ ಹೇಳಲಿ ಮಿಸ್," ಎಂದು ನಿಟ್ಟುಸಿರು ಬಿಟ್ಟಳು. "ನಮ್ಮಮ್ಮ ಬಿಕ್ಕೋಡಲ್ಲಿ ಒಬ್ಬರೇ ಇದ್ದಾರೆ. ಬಸ್ಸಲ್ಲಿ ಹೋಗಿಬರೋದು ಎಷ್ಟು ಕಷ್ಟ ಗೊತ್ತಾ?"

ಎರಡು ತಿಂಗಳಲ್ಲಿ ಮೂರು ಸಲ, ಆಕೆಯನ್ನು ಕೂರಿಸಿಕೊಂಡು, ನಾನು ಬಿಕ್ಕೋಡು ನೋಡಿದೆ.

ಮದುವೆಯ ಹಿಂದಿನ ದಿನ

ಅಕ್ಕನ ಮಗಳ ಮದುವೆ ಬೇಲೂರಿನ ಛತ್ರದಲ್ಲಿ ಎಂದಾಯಿತು. ಮದುಮಗಳನ್ನು ಕರೆತರಲು ನಮ್ಮ ಕಾರೇ ಬೇಕೆಂದರು ಭಾವ, "ಆದರೆ ನೀಲಿ ಬಣ್ಣದಲ್ಲಿ" ಎಂದು ಸೇರಿಸಿ. ಹಿಂದಿನ ದಿನ ಬೆಳಿಗ್ಗೆಯಿಂದ ಇಬ್ಬರೂ ಉಜ್ಜಿದೆವು. ಮಧ್ಯಾಹ್ನ ಯಥಾಪ್ರಕಾರ ಬಲಗಡೆಯನ್ನು ನಾನು ತಿದ್ದಿದೆ. ಸಂಜೆ ಹೂವು ತರಲು ಮಾರ್ಕೆಟ್ಟಿಗೆ ನಡೆದು ಹೊರಟವಳು ಪರ್ಸ್ ಮರೆತು ಅರ್ಧ ದಾರಿಯಿಂದ ವಾಪಸಾದೆ.

ನಮ್ಮವರು ಬಚ್ಚಲುಮನೆಯ ಸ್ಟೂಲ್ ತಂದು ಹಾಕಿಕೊಂಡು ಕಾರಿನ ಪಕ್ಕದಲ್ಲಿ ಕೂತಿದ್ದರು. ಎಡಗಡೆ. ನನ್ನ ಕಡೆ. ಕೈಯಲ್ಲಿ ಬಟ್ಟೆ.

"ಅಲ್ಲೇನು ಮಾಡ್ತಿದ್ದೀರಿ?"

ಅವರು ಬೆಚ್ಚಿ ಎದ್ದು ನಿಂತರು. "ಏನಿಲ್ಲ ಕಣೇ. ಕನ್ನಡಿಯ ಕೆಳಗೆ ಸ್ವಲ್ಪ ಬಿಳಿ ಉಳಿದಿತ್ತು."

"ನನ್ನ ಕಡೆಯಲ್ಲಾ?"

"ನೀನು ಯಾವಾಗಲೂ ಅಲ್ಲಿ ಬಿಡ್ತೀಯ. ಹೇಳಿದರೆ ನೊಂದುಕೋತೀಯ ಅಂತ, ಭಾನುವಾರ ಸಂಜೆ ನೀನು ಮಾರ್ಕೆಟ್ಟಿಗೆ ಹೋದಾಗ ಒರೆಸ್ತಿದ್ದೆ."

"ಯಾವತ್ತಿನಿಂದ?"

"ಮೊದಲನೇ ಭಾನುವಾರದಿಂದ."

ಮೂವತ್ತು ವರ್ಷ ಬೇರೆಯವರ ಪುಸ್ತಕ ತಿದ್ದಿದವಳು ನಾನು. ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದೆ. ಕನ್ನಡಿಯ ಕೆಳಗೆ, ಅವರು ಇನ್ನೂ ಮುಟ್ಟದ ಕಡೆ, ಅಚ್ಚ ಬಿಳಿ ಗೆರೆ. ನಿಂತು ಕೆಲಸ ಮಾಡುವವರ ಕಣ್ಣಿಗೆ ಅದು ಬೀಳುವಂತೆಯೇ ಇರಲಿಲ್ಲ. ಸ್ಟೂಲಿನ ಮೇಲೆ ಕೂತವರಿಗೆ ಮಾತ್ರ ಕಾಣುತ್ತಿತ್ತು.

"ನಾನೂ ಒಂದು ವಿಷಯ ಹೇಳಬೇಕು," ಎಂದು ಶುರುಮಾಡಿದೆ. "ನೀವು ಮಧ್ಯಾಹ್ನ ಮಲಗಿದಾಗ..."

"ಗೊತ್ತು. ಕಿಟಕಿಯಿಂದ ಕಾಣಿಸುತ್ತೆ."

"ಬೇಜಾರಾಗಲಿಲ್ವಾ?"

"ಬೇಜಾರೇನು? ನೀನು ತಿದ್ದದೆ ಬಿಟ್ಟ ದಿನ, ಇವಳಿಗೆ ಜ್ವರ ಬಂದಿರಬೇಕು ಅಂತ ಡಾಕ್ಟರಿಗೆ ಫೋನ್ ಮಾಡ್ತೀನಿ." ಹೀಗೆಂದು ಸ್ಟೂಲ್ ಎಳೆದುಕೊಂಡು ಮತ್ತೆ ಕೂತರು. ಬಟ್ಟೆ ಕೆಳಗಿಡಲಿಲ್ಲ.

ನನ್ನ ಎದೆಯ ಮೇಲಿನ ಭಾರ ಇಳಿಯಿತು. ಅದರ ಜಾಗಕ್ಕೆ ಒಂದು ಅನುಮಾನ ಬಂದು ಕೂತಿತು. ಭಾನುವಾರ ಸಂಜೆಗಳಲ್ಲಿ ಇವರು ಇಲ್ಲಿ ಕೂತಿದ್ದನ್ನು ನಾನಲ್ಲದಿದ್ದರೂ ಒಬ್ಬರಂತೂ ನೋಡಿರಲೇಬೇಕು. ತಿರುಗಿದೆ. ಕಾಂಪೌಂಡಿನ ಮೇಲೆ ಪಕ್ಕದ ಮನೆಯಾಕೆಯ ತಲೆ ಇತ್ತು. ಬಾಯಿ ತುಂಬಿತ್ತು, ಕೈಯಲ್ಲಿ ಎಣ್ಣೆ ಹತ್ತಿದ ಪೇಪರ್ ಪೊಟ್ಟಣ.

"ಅದೇನು?" ಎಂದೆ.

"ಬೋಂಡಾ," ಎಂದರು ನಮ್ಮವರು ತಗ್ಗಿದ ದನಿಯಲ್ಲಿ. "ನಿನಗೆ ಹೇಳಬಾರದು ಅಂತ ಪ್ರತಿ ಭಾನುವಾರ ಸ್ಟೇಷನ್ ಹತ್ತಿರದಿಂದ ನಾನೇ ತಂದುಕೊಡ್ತಿದ್ದೆ."

ಆಕೆ ನಿಧಾನವಾಗಿ ಅಗಿದು, ನುಂಗಿ, ನಮ್ಮಿಬ್ಬರನ್ನೂ ಬಹಳ ವ್ಯಥೆಯಿಂದ ನೋಡಿದಳು.

"ಅಯ್ಯೋ, ಇಬ್ಬರೂ ಹೇಳಿಕೊಂಡುಬಿಟ್ರಾ? ಹಾಗಾದ್ರೆ ಮಿಸ್, ಬಿಕ್ಕೋಡಿಗೆ ಇನ್ನು ಬಸ್ಸೇನಾ?"